ಮುಂದಿನ ಒಂದು ಮಣಿ



ಜಪಸರ ಹಿಡಿದು ಪ್ರಾರ್ಥಿಸುವಾಗ ನಿಮ್ಮ ಬೆರಳುಗಳನ್ನು ಎಂದಾದರೂ ಗಮನಿಸಿದ್ದೀರಾ? ಹೆಬ್ಬೆರಳು ಒಂದು ಮಣಿಯ ಮೇಲಿರುವಾಗಲೇ ತೋರುಬೆರಳು ಮೆಲ್ಲನೆ ಮುಂದೆ ಸರಿದು, ಅಲ್ಲಿ ಮತ್ತೊಂದು ಮಣಿಯಿದೆಯೇ ಅಥವಾ ಬರಿಯ ಸರಪಳಿಯಿದೆಯೇ ಎಂದು ತಡವಿ ನೋಡುತ್ತದೆ. ಸರಪಳಿ ಸಿಕ್ಕರೆ ಹತ್ತು ಮಣಿಗಳು ಮುಗಿದವೆಂದೂ ತ್ರಿತ್ವ ಸ್ತುತಿಯನ್ನು ಹೇಳಬೇಕೆಂದೂ ತಿಳಿಯುತ್ತದೆ. ಕಣ್ಣು ಮುಚ್ಚಿದ್ದರೂ ಎಣಿಕೆ ತಪ್ಪುವುದಿಲ್ಲ.

ಈ ಸಣ್ಣ ಚಲನೆ ಗಣಕಯಂತ್ರದ ಲೋಕದಲ್ಲೂ ಇದೆಯೆಂದು ನನಗೆ ತಿಳಿಸಿದವನು ನನ್ನ ತಂಗಿಯ ಮಗ. ಅವನು ಬೆಂಗಳೂರಿನಲ್ಲಿ ಪ್ರೋಗ್ರಾಮಿಂಗ್ ಉದ್ಯೋಗದಲ್ಲಿದ್ದಾನೆ. ಕಳೆದ ವರ್ಷ ತಪಸ್ಸುಕಾಲದಲ್ಲಿ ನನ್ನ ಕುತ್ತಿಗೆಯಲ್ಲಿ ಒಂದು ಗಂಟು ಕಾಣಿಸಿಕೊಂಡು, ಅದರ ತುಣುಕನ್ನು ಪರೀಕ್ಷೆಗೆ ಕಳುಹಿಸಿದ್ದರು. ವರದಿ ಬರಲು ಹತ್ತು ದಿನ. ನಾನು ಒಂಟಿಯಾಗಿರಬಾರದೆಂದು ತಂಗಿ ಮಗನನ್ನು ಕಳುಹಿಸಿದ್ದಳು.

ಒಂದು ರಾತ್ರಿ ನಿದ್ದೆ ಬಾರದೆ ಹೊರಬಂದಾಗ ಅವನು ಲ್ಯಾಪ್‌ಟಾಪ್ ಮುಂದೆ ಕುಳಿತಿದ್ದ. ಏನು ಬರೆಯುತ್ತಿರುವೆಯೆಂದು ಕೇಳಿದೆ. ಅದು ರಸ್ಟ್ ಎಂಬ ಭಾಷೆ. 2015ರಲ್ಲಿ ಅದರ ಮೊದಲ ಸ್ಥಿರ ಆವೃತ್ತಿ ಹೊರಬಂದಿತಂತೆ. ಆ ಭಾಷೆಯೊಂದಿಗೇ ದೊರೆಯುವ ಸಿದ್ಧ ಸಾಧನಗಳ ಭಂಡಾರದಲ್ಲಿ ‘ಇಟರೇಟರ್’ ಎಂಬುದೊಂದಿದೆ. ಸಾಲಿನಲ್ಲಿರುವ ವಸ್ತುಗಳನ್ನು ಅದು ಒಂದೊಂದಾಗಿ ಕೊಡುತ್ತದೆ. ‘ನೆಕ್ಸ್ಟ್’ ಎಂದು ಕೇಳಿದಾಗಲೆಲ್ಲ ಒಂದು ಕೈಗೆ ಬರುತ್ತದೆ. ಬಂದದ್ದು ಸಾಲಿನಿಂದ ಹೋಯಿತು, ತಿರುಗಿ ಇಡುವಂತಿಲ್ಲ.

“ಇದರಲ್ಲಿ ತೊಡಕೇನು?” ಎಂದೆ. ಅವನು ಕಾಗದದ ಮೇಲೆ 12+3 ಎಂದು ಬರೆದ. “ಯಂತ್ರ ಇದನ್ನು ಒಂದೊಂದೇ ಅಕ್ಷರವಾಗಿ ಓದುತ್ತದೆ, ಮಾವ. 1 ಬಂತು, 2 ಬಂತು. ಸಂಖ್ಯೆ ಅಲ್ಲಿಗೆ ಮುಗಿಯಿತೆಂದು ತಿಳಿಯಬೇಕಾದರೆ ಮುಂದಿರುವ ಕೂಡಿಸುವ ಚಿಹ್ನೆಯನ್ನು ನೋಡಬೇಕು. ಆದರೆ ನೋಡುವುದಕ್ಕಾಗಿ ಅದನ್ನು ತೆಗೆದುಕೊಂಡುಬಿಟ್ಟರೆ, ಕೂಡಿಸುವ ಕೆಲಸ ಮಾಡಬೇಕಾದವನಿಗೆ ಆ ಚಿಹ್ನೆಯೇ ಸಿಗುವುದಿಲ್ಲ.”

ಇದಕ್ಕಾಗಿಯೇ ‘ಪೀಕೇಬಲ್’ ಎಂಬ ಹೊದಿಕೆಯನ್ನು ಇಟರೇಟರಿಗೆ ತೊಡಿಸುತ್ತಾರೆ. ಆಗ ‘ಪೀಕ್’ ಎಂದರೆ ಸಾಕು, ಅಂದರೆ ಇಣುಕಿ ನೋಡುವುದು. ಒಳಗೆ ಅದು ಮುಂದಿನ ಒಂದನ್ನು ಮೂಲದಿಂದ ತೆಗೆದು ಜೋಪಾನವಾಗಿ ಇಟ್ಟುಕೊಂಡಿರುತ್ತದೆ. ಎಷ್ಟು ಸಲ ಇಣುಕಿದರೂ ಅದೇ ಕಾಣುತ್ತದೆ. ಸರತಿ ಬಂದು ‘ನೆಕ್ಸ್ಟ್’ ಎಂದಾಗ ಅದೇ ಕೈಸೇರುತ್ತದೆ. ಸಾಲು ಮುಗಿದಿದ್ದರೆ, ಇನ್ನೇನೂ ಇಲ್ಲವೆಂಬುದೂ ಇಣುಕಿದಾಗಲೇ ತಿಳಿಯುತ್ತದೆ.

“ಅದರಾಚೆಯದನ್ನೂ ನೋಡಬಹುದೇ?” ಎಂದು ಆತುರದಿಂದ ಕೇಳಿದೆ.

“ಇಲ್ಲ ಮಾವ, ಒಂದನ್ನು ಮಾತ್ರ. ಅದನ್ನು ತೆಗೆದುಕೊಂಡ ಮೇಲೆ ಅದರ ಮುಂದಿನದು.”

ನಾನು ಸುಮ್ಮನಾದೆ. ಆ ದಿನಗಳಲ್ಲಿ ನಾನು ಮಾಡುತ್ತಿದ್ದುದಾದರೂ ಏನು? ವರದಿ ಬರುವ ಮೊದಲೇ ಶಸ್ತ್ರಚಿಕಿತ್ಸೆಯನ್ನು ಅನುಭವಿಸಿದ್ದೆ, ಧ್ವನಿ ಕಳೆದುಕೊಂಡು ಬಲಿಪೂಜೆ ಅರ್ಪಿಸಲಾಗದೆ ಕುಳಿತಿದ್ದೆ, ವೃದ್ಧ ತಾಯಿಗೆ ಸುದ್ದಿ ತಿಳಿಸಿ ಅವರ ಕಣ್ಣೀರನ್ನೂ ಕಂಡಿದ್ದೆ. ಇದು ಮುಂದಾಲೋಚನೆಯಾಗಿರಲಿಲ್ಲ. ಬಾರದ ದಿನಗಳನ್ನು ಒಂದೊಂದಾಗಿ ಎಳೆದು ಖರ್ಚು ಮಾಡುತ್ತಿದ್ದೆ. ಅಂದು ಸಂಜೆ ಪಾಪನಿವೇದನೆಗೆ ಬಂದವರ ಮಾತುಗಳು ಕಿವಿಗೆ ಬಿದ್ದಿದ್ದರೂ ಮನಸ್ಸಿಗೆ ಮುಟ್ಟಿರಲಿಲ್ಲ. ನಾಳೆಯನ್ನು ಇಂದೇ ಉಣ್ಣಹೊರಟು ಇಂದಿನದನ್ನು ಕಳೆದುಕೊಂಡಿದ್ದೆ.

ನಾಳೆಗಾಗಿ ಚಿಂತಿಸಬೇಡಿರೆಂದು ಪ್ರಭು ಹೇಳಿದ್ದು ಮತ್ತಾಯನ ಶುಭಸಂದೇಶದ 6ನೇ ಅಧ್ಯಾಯದಲ್ಲಿದೆ. ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುವನೆಂಬ ಮಾತು ಲೂಕನ ಶುಭಸಂದೇಶದ 14ನೇ ಅಧ್ಯಾಯದಲ್ಲಿದೆ. ಗುರುಮಠದಲ್ಲಿ ಇವೆರಡನ್ನೂ ಹೊಂದಿಸಲು ನಾವು ಬಹಳ ವಾದ ಮಾಡಿದ್ದುಂಟು. ಆ ರಾತ್ರಿ ನನಗೆ ತೋರಿದ್ದು ಇಷ್ಟೇ: ಮುಂದಿನದನ್ನು ನೋಡುವುದು ಬೇರೆ, ಅದನ್ನು ತೆಗೆದುಕೊಳ್ಳುವುದು ಬೇರೆ. ಇಸ್ರಯೇಲರು ಮರುಭೂಮಿಯಲ್ಲಿ ಮರುದಿನಕ್ಕೆಂದು ಉಳಿಸಿಕೊಂಡ ಮನ್ನದಲ್ಲಿ ಹುಳು ಬಿತ್ತು. ಆದರೆ ಆರನೆಯ ದಿನ ಸಬ್ಬತ್ತಿಗಾಗಿ ಎರಡರಷ್ಟು ಕೂಡಿಸಲು ದೇವರೇ ಅಪ್ಪಣೆಯಿತ್ತರು. ಆಗಲೂ ಒಂದು ದಿನದ್ದು ಮಾತ್ರ.

ವರದಿ ಬಂತು, ಚಿಕಿತ್ಸೆ ಬೇಕೆಂದಿತ್ತು. ಅದು ಇನ್ನೂ ನಡೆದಿದೆ. ಈಗ ರಾತ್ರಿ ಮಲಗುವ ಮುನ್ನ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಮರುದಿನದ ವಾಚನವನ್ನು ಒಮ್ಮೆ ಓದಿ, ಪರಮಪ್ರಸಾದ ಒಯ್ಯಬೇಕಾದ ರೋಗಿಗಳ ಹೆಸರು ನೋಡಿ, ಆಸ್ಪತ್ರೆಯ ಸರದಿಯಿದ್ದರೆ ಕಡತವನ್ನು ಮೇಜಿನ ಮೇಲಿಟ್ಟು ದೀಪ ಆರಿಸುತ್ತೇನೆ. ಕೆಲವು ರಾತ್ರಿ ಮನಸ್ಸು ಅದರಾಚೆಗೆ ಓಡುತ್ತದೆ. ಆಗ ದಿಂಬಿನಡಿಯ ಜಪಸರವನ್ನು ಕೈಗೆತ್ತಿಕೊಳ್ಳುತ್ತೇನೆ.

ಮಕ್ಕಳ ಪರೀಕ್ಷೆ, ಮಗಳ ಮದುವೆ, ಸಾಲದ ಕಂತು, ಹಿರಿಯರ ಕಾಯಿಲೆ ಎಂದು ನಿಮ್ಮ ಮನೆಗಳಲ್ಲಿಯೂ ಮುಂದಿನ ಸಾಲು ಉದ್ದವಾಗಿಯೇ ಇರಬಹುದು. ಓದುಗರೇ, ಇಂದು ಸಂಜೆ ಮನೆಮಂದಿ ಜಪಸರಕ್ಕೆ ಕುಳಿತಾಗ ಬೆರಳು ಮುಂದೆ ಸರಿಯುವುದನ್ನು ಗಮನಿಸಿರಿ. ಅದು ಒಂದೇ ಮಣಿಯನ್ನು ಮುಟ್ಟಿ, ಇರುವ ಮಣಿಯ ಪ್ರಾರ್ಥನೆ ಮುಗಿಯುವವರೆಗೆ ಅಲ್ಲಿಯೇ ಕಾಯುತ್ತದೆ.