ತೀರಿಹೋದವರಿಗೆ ಹೋದ ಪತ್ರ



ಕಳೆದ ವರ್ಷ ಧರ್ಮಕೇಂದ್ರದ ಹಬ್ಬಕ್ಕೆ ಮುಂಚೆ ನಾವು ಎಲ್ಲ ಕುಟುಂಬಗಳಿಗೂ ಕಂಪ್ಯೂಟರಿನಿಂದ ಪತ್ರ ತೆಗೆದು ಕಳುಹಿಸಿದೆವು. ಕೈಬರಹದ ಕಾಲ ಮುಗಿಯಿತೆಂದು ಒಳಗೊಳಗೇ ಹೆಮ್ಮೆಯೂ ಇತ್ತು. ಮೂರನೆಯ ದಿನ ಸಂಜೆ ಕೃಷ್ಣಾ ಕಡೆಯ ಹಳ್ಳಿಯಿಂದ ಒಬ್ಬ ರೈತರು ಬಂದರು. ಪತ್ರವನ್ನು ಮೇಜಿನ ಮೇಲಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ನಿಂತರು.

"ಫಾದರ್, ನಮ್ಮವ್ವ ತೀರಿ ಮೂರು ವರ್ಷಾತ್ರಿ. ಮಣ್ಣು ಮಾಡಿದವ್ರೂ ನೀವ. ಈಗ ಮೂರು ವರ್ಷದ ವಂತಿಗೆ ಬಾಕಿ ಅದ ಅಂತ ಆಕಿ ಹೆಸರಿಗೇ ಬರದೀರಲ್ರಿ?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನಮಗೆ ಹೆಚ್ಚು ನೋವು ತಂದಿತು. ಕ್ಷಮೆ ಕೇಳಿ ಕಳುಹಿಸಿದೆವು. ಆ ರಾತ್ರಿ ಪುಸ್ತಕಗಳನ್ನು ತೆರೆದು ನೋಡಿದಾಗ ಮರಣದ ಪುಸ್ತಕದಲ್ಲಿ ಆ ತಾಯಿಯ ಹೆಸರು ನಮ್ಮದೇ ಕೈಬರಹದಲ್ಲಿತ್ತು, ತಾರೀಖೂ ಸರಿಯಾಗಿತ್ತು. ಕುಟುಂಬಗಳ ಪಟ್ಟಿ ಬೇರೊಂದು ಕಡತ, ವಂತಿಗೆಯ ಲೆಕ್ಕ ಮತ್ತೊಂದು. ಒಂದೊಂದನ್ನೂ ಪ್ರತ್ಯೇಕವಾಗಿ ನೋಡಿದರೆ ಅಚ್ಚುಕಟ್ಟು. ಆದರೆ ಒಂದರ ಸುದ್ದಿ ಇನ್ನೊಂದಕ್ಕೆ ಮುಟ್ಟುವ ದಾರಿಯೇ ಇರಲಿಲ್ಲ.

ಆ ರೈತರ ಮಗ ಹೈದರಾಬಾದಿನಲ್ಲಿ ಸಾಫ್ಟ್‌ವೇರ್ ಆರ್ಕಿಟೆಕ್ಟ್. ಕ್ರಿಸ್ಮಸ್ಸಿಗೆ ಬಂದವರ ಬಳಿ ನಾವು ನಾಚುತ್ತಲೇ ವಿಷಯ ತೆಗೆದೆವು. ಅವರು ನಗಲಿಲ್ಲ. "ಫಾದರ್, ಇದು ಕಂಪ್ಯೂಟರ್ ತಪ್ಪಲ್ರಿ. ನಿಮ್ಮ ಕಪಾಟು ಹೆಂಗಿತ್ತೋ ಹಂಗ ಕಂಪ್ಯೂಟರಿನ್ಯಾಗೂ ಮಾಡೀರಿ. ದೊಡ್ಡ ದೊಡ್ಡ ಬ್ಯಾಂಕಿನ್ಯಾಗೂ ಇದ ಹಣೆಬರಹ" ಎಂದರು.

ಅವರ ಕೆಲಸವೇನೆಂದು ನಾವು ಅಂದೇ ಸರಿಯಾಗಿ ತಿಳಿದದ್ದು. ದೊಡ್ಡ ಸಂಸ್ಥೆಯಲ್ಲಿ ಹತ್ತಾರು ಇಲಾಖೆ, ಒಂದೊಂದಕ್ಕೂ ಒಂದೊಂದು ತಂತ್ರಾಂಶ. ಯಾವ ಮಾಹಿತಿಗೆ ಯಾವುದು ಮೂಲ ಪುಸ್ತಕ, ಅಲ್ಲಿ ಬದಲಾದದ್ದು ಉಳಿದ ಕಡೆಗೆ ಹೇಗೆ ತಲುಪಬೇಕು, ತಪ್ಪಾದರೆ ತಿದ್ದುವ ಅಧಿಕಾರ ಯಾರದು ಎಂದು ಮೊದಲೇ ನಕ್ಷೆ ಹಾಕಿಕೊಡುವುದು ಆರ್ಕಿಟೆಕ್ಟರ ಕೆಲಸ. 1987ರಲ್ಲಿ ಐಬಿಎಂನ ಜಾನ್ ಜಾಕ್‌ಮನ್ ಎಂಬುವರು ಇದನ್ನು ಮನೆ ಕಟ್ಟುವುದಕ್ಕೆ ಹೋಲಿಸಿ ವಿವರಿಸಿದ್ದರಂತೆ. ಮನೆಯ ಯಜಮಾನ ನೋಡುವ ನಕ್ಷೆ ಬೇರೆ, ಕಟ್ಟುವವನಿಗೆ ಬೇಕಾದ ನಕ್ಷೆ ಬೇರೆ. ಅದಕ್ಕೂ ಮುಂಚೆ, 1968ರಲ್ಲಿ, ಮೆಲ್ವಿನ್ ಕಾನ್ವೇ ಎಂಬುವರು ಇನ್ನೊಂದು ಮಾತು ಬರೆದಿದ್ದರು. ಒಂದು ಸಂಸ್ಥೆಯ ಜನ ತಮ್ಮತಮ್ಮಲ್ಲಿ ಹೇಗೆ ಮಾತಾಡಿಕೊಳ್ಳುತ್ತಾರೋ ಅವರು ಕಟ್ಟುವ ವ್ಯವಸ್ಥೆಯೂ ಹಾಗೇ ಇರುತ್ತದೆ ಎಂದು. ಎರಡು ಇಲಾಖೆಗಳ ನಡುವೆ ಮಾತಿಲ್ಲದಿದ್ದರೆ ಅವುಗಳ ಯಂತ್ರಗಳ ನಡುವೆಯೂ ಮಾತಿರುವುದಿಲ್ಲ.

ನಮ್ಮ ಗಡಿನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಹಂಚಿಹೋದಾಗ ರಾಯಚೂರು ಮೈಸೂರು ರಾಜ್ಯಕ್ಕೆ ಬಂತು, ಗದ್ವಾಲ ಆಂಧ್ರಪ್ರದೇಶಕ್ಕೆ ಹೋಯಿತು. 2014ರಲ್ಲಿ ತೆಲಂಗಾಣವಾಯಿತು, 2019ರಲ್ಲಿ ನಾರಾಯಣಪೇಟೆ ಜಿಲ್ಲೆಯಾಯಿತು. ಜನ ಕೂತಲ್ಲೇ ಕೂತಿದ್ದರು, ಕಾಗದಗಳು ಊರೂರು ತಿರುಗಿದವು. ಅಜ್ಜನ ಹೆಸರು ಉರ್ದುವಿನಲ್ಲಿ, ಅಪ್ಪನದು ತೆಲುಗಿನಲ್ಲಿ, ಮನೆಯಲ್ಲಿ ಕರೆಯುವುದು ಕನ್ನಡದಲ್ಲಿ.

ಹೊಳೆಯ ಆಚೆ ಕರ್ನಾಟಕದಲ್ಲಿ 2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತಂದಿತು. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ವಿಲೇವಾರಿಯಾಗಬೇಕೆಂಬ ನಿಯಮವನ್ನು ತಂತ್ರಾಂಶದೊಳಗೇ ಕೂರಿಸಲಾಗಿತ್ತು. ಈಚೆ 2020ರ ಅಕ್ಟೋಬರಿನಲ್ಲಿ 'ಧರಣಿ' ಬಂತು. ನೋಂದಣಿಯೂ ಖಾತೆ ಬದಲಾವಣೆಯೂ ಒಂದೇ ಕಡೆ ಆಗತೊಡಗಿದ್ದು ಅದರ ಹೆಚ್ಚುಗಾರಿಕೆ. ಆದರೆ ಬಿಟ್ಟುಹೋದ ಹೆಸರನ್ನು ಎಲ್ಲಿ, ಯಾರ ಮುಂದೆ ತಿದ್ದಿಸಬೇಕೆಂಬ ದೂರುಗಳು ನಿಲ್ಲಲಿಲ್ಲ. 2025ರ ಏಪ್ರಿಲ್ 14ರಂದು ಅದರ ಜಾಗಕ್ಕೆ 'ಭೂ ಭಾರತಿ' ಬಂದು ಮೇಲ್ಮನವಿಗೆ ದಾರಿ ಮಾಡಿತು. ಮೊದಲು ಪ್ರಯೋಗಕ್ಕೆ ಆರಿಸಿದ ನಾಲ್ಕು ಮಂಡಲಗಳಲ್ಲಿ ನಮ್ಮ ನಾರಾಯಣಪೇಟೆ ಜಿಲ್ಲೆಯ ಮದ್ದೂರು ಒಂದು. ಲಕ್ಷಾಂತರ ಜನರ ಹೊಲಮನೆಯ ಲೆಕ್ಕ ಇಡುವ ಯಂತ್ರದಲ್ಲಿ ಬರೆಯುವ ಬಾಗಿಲಷ್ಟೇ ಇದ್ದರೆ ಸಾಲದು, ತಿದ್ದುವ ಬಾಗಿಲೂ ಬೇಕು.

ಇದನ್ನೆಲ್ಲ ಕೇಳುತ್ತಿದ್ದಾಗ ನಮಗೆ ಗುರುಮಠದ ಪಾಠವೊಂದು ನೆನಪಾಯಿತು. ವಿವಾಹದ ಪುಸ್ತಕವನ್ನು ಗುರುಗಳು ಇಡಲೇಬೇಕೆಂದು ಟ್ರೆಂಟ್ ಮಹಾಸಭೆ 1563ರಲ್ಲಿ ವಿಧಿಸಿತು. ವಿವಾಹವನ್ನು ಜ್ಞಾನಸ್ನಾನದ ಪುಸ್ತಕದಲ್ಲೂ ಗುರುತು ಮಾಡಬೇಕೆಂಬ ನಿಯಮ 1908ರಿಂದ ಜಾರಿಗೆ ಬಂತು. ರಾಯಚೂರಿನಲ್ಲಿ ಜ್ಞಾನಸ್ನಾನ ಪಡೆದ ಹುಡುಗಿ ಗದ್ವಾಲದಲ್ಲಿ ಮದುವೆಯಾದರೆ ಗದ್ವಾಲದ ಗುರುಗಳು ರಾಯಚೂರಿಗೆ ಬರೆದು ತಿಳಿಸಬೇಕು. ಮೂಲ ಪುಸ್ತಕ ಒಂದೇ, ಸುದ್ದಿ ಎಲ್ಲಿಂದಲಾದರೂ ಅಲ್ಲಿಗೇ ಬರಬೇಕು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಅಂಚೆಯ ಕಾಗದದಿಂದಲೇ ನಡೆದ ಏರ್ಪಾಡು! ಪರೀಕ್ಷೆಗೆ ಬಾಯಿಪಾಠ ಮಾಡಿದ್ದ ನಾವು ಕಂಪ್ಯೂಟರಿನ ಮುಂದೆ ಕೂತಾಗ ಅದನ್ನೇ ಮರೆತಿದ್ದೆವು.

ಆ ಯುವಕರು ರಜೆಯ ಎರಡು ದಿನ ನಮ್ಮೊಂದಿಗೆ ಕೂತರು. ಹೊಸ ಯಂತ್ರವನ್ನೇನೂ ತರಲಿಲ್ಲ. ಪ್ರತಿಯೊಬ್ಬರಿಗೂ ಒಂದು ಅಂಕಿ ಕೊಟ್ಟು, ಅದೇ ಅಂಕಿಯನ್ನು ಎಲ್ಲ ಪುಸ್ತಕಗಳಲ್ಲೂ ನಮೂದಿಸಿದರು. ಮರಣದ ಪುಸ್ತಕದಲ್ಲಿ ಬರೆದ ದಿನವೇ ಕುಟುಂಬದ ಪಟ್ಟಿಯನ್ನೂ ತಿದ್ದಬೇಕೆಂದು ನಿಯಮ ಮಾಡಿಕೊಂಡೆವು. ಪತ್ರ ಅಚ್ಚಾಗುವ ಮುಂಚೆ ಆಯಾ ಹಳ್ಳಿಯ ಉಪದೇಶಿಗಳು ಪಟ್ಟಿಯನ್ನೊಮ್ಮೆ ಓದಬೇಕೆಂಬುದು ನಾವು ಸೇರಿಸಿದ ನಿಯಮ. ಯಾರ ಮನೆಯಲ್ಲಿ ಯಾರಿಲ್ಲ ಎಂಬುದು ಅವರಿಗೆ ಪುಸ್ತಕ ನೋಡದೆಯೇ ಗೊತ್ತಿರುತ್ತದೆ.

ಆ ತಾಯಿಯ ಪುಟಕ್ಕೆ ಬಂದಾಗ ಇನ್ನೊಂದು ತಪ್ಪು ಸಿಕ್ಕಿತು. ಮೂರು ಪುಸ್ತಕಗಳಲ್ಲಿ ಅವರ ಹೆಸರು ಮೂರು ಬಗೆಯಾಗಿತ್ತು. ಯಾವುದು ಸರಿಯೆಂದು ಮೊಮ್ಮಗನಿಗೂ ತಿಳಿಯದು. ಮರುದಿನ ನಾವೇ ಆ ಹಳ್ಳಿಗೆ ಹೋಗಿ ಕಟ್ಟೆಯ ಮೇಲೆ ಕೂತು ರೈತರನ್ನು ಕೇಳಿದೆವು. ಅವರು ಬಹಳ ಹೊತ್ತು ಯೋಚಿಸಿ, "ಆಕಿ ತನ್ನ ಹೆಸರು ತಾ ಹೇಳ್ತಿದ್ದಿದ್ದು ಹಿಂಗ್ರಿ" ಎಂದು ಹೇಳಿದರು. ನಾವು ಕೇಳಿದಂತೆಯೇ ಬರೆದುಕೊಂಡು ಅವರಿಗೆ ಓದಿ ತೋರಿಸಿದೆವು.

"ಈಗ ಸರಿ ಆತ್ರಿ, ಫಾದರ್" ಎಂದರು.