ಮುಸ್ತಫಾನ ಟೋಪಿ

ಪೂರ್ಣಚಂದ್ರ ತೇಜಸ್ವಿಯವರ ‘ಡೇರ್‌ಡೆವಿಲ್ ಮುಸ್ತಫಾ’ ಕತೆ ಸಿನಿಮಾ ಆಗುತ್ತಿದೆ, ಅವರ ಓದುಗರೇ ನೂರರಷ್ಟು ಮಂದಿ ಹಣ ಹಾಕುತ್ತಿದ್ದಾರೆ ಎಂಬ ಸುದ್ದಿ ದಾಂಡೇಲಿಗೂ ಬಂತು. ಕಾಲೇಜಿನಲ್ಲಿ ಒಟ್ಟಿಗೆ ಕತೆ ಓದಿದ ಗೆಳೆಯರು ನಾವು, ಫೋನುಗಳು ಓಡಾಡಿದವು. ಹಣವೊಂದನ್ನು ಬಿಟ್ಟು ಉಳಿದೆಲ್ಲ ಕೊಡಲು ಸಿದ್ಧರಿದ್ದೆವು! ಹಳಿಯಾಳದವ ಹಳೆಯ ಸೈಕಲ್ ಇದೆಯೆಂದ. ಜೋಯಿಡಾದವ ಕಾಡು ತೋರಿಸುತ್ತೇನೆಂದ. (ಅಬಚೂರು ಮಲೆನಾಡಿನ ಇನ್ನೊಂದು ತುದಿಯದೆಂಬುದು ಆ ಉಮೇದಿನಲ್ಲಿ ಯಾರಿಗೂ ನೆನಪಾಗಲಿಲ್ಲ.)

ಮುಂಡಗೋಡದ ಗೆಳೆಯನಿಗೆ, “ನಿನ್ನಜ್ಜನ ಕೆಂಪು ತುರ್ಕಿ ಟೋಪಿ ಕೊಡು” ಎಂದೆವು. ಅವನು ಸುಮ್ಮನಾದ. ಆಮೇಲೆ, “ಕತೆಯಲ್ಲಿ ನಗಿಸೋ ಮುಸ್ತಫಾ ತೆರೆ ಮೇಲೆ ನಗೆಪಾಟಲಾದ್ರೆ?” ಎಂದ. ‘ತಬರನ ಕತೆ’ಯನ್ನು 1986ರಲ್ಲಿ ಕಾಸರವಳ್ಳಿ ಕೆಡಿಸಲಿಲ್ಲವಲ್ಲ ಎಂದು ಸಮಾಧಾನ ಹೇಳಹೊರಟೆವು. ಆದರೆ ಮಾತು ಅದಲ್ಲ. ಮುಸ್ತಫಾನಂತೆ ಇವನೂ ತರಗತಿಗೆ ಒಬ್ಬನೇ ಮುಸ್ಲಿಂ ಹುಡುಗ. ಮೊದಲ ವರ್ಷ ಬೆಂಚಿನಲ್ಲಿ ಅವನ ಪಕ್ಕ ಕೂರದವರು ನಾವೇ.

ಶಶಾಂಕ್ ಸೋಗಾಲ್ ನಿರ್ದೇಶಿಸಿದ ಚಿತ್ರ 2023ರ ಮೇ 19ರಂದು ಬಿಡುಗಡೆಯಾಯಿತು. ಎಲ್ಲರೂ ಹುಬ್ಬಳ್ಳಿಗೆ ಹೋದೆವು. ಚಿತ್ರ ಮುಗಿದಾಗ ಅವನ ಮುಖ ನೋಡಲು ಅಂಜಿಕೆ. ಅವನು ಕಣ್ಣೊರೆಸಿಕೊಂಡು, “ಸಂಜೀ ಆಟಕ್ಕೂ ಟಿಕೆಟ್ ಸಿಗ್ತಾವೇನು ನೋಡ್ರೋ” ಎಂದ.