ಟೋಕಿಯೋದಲ್ಲಿ ನಾಯಿಗೆ ಜಿಂಕೆ ಕೊಂಬು

ಭಾನುವಾರ ಬೆಳಿಗ್ಗೆ ಟೋಕಿಯೋದ ಕೊಮಾಜಾವಾ ಪಾರ್ಕಿಗೆ ಹೋದರೆ ಮನುಷ್ಯರಿಗಿಂತ ನಾಯಿಗಳದ್ದೇ ಸಡಗರ. ಟಾಯ್ ಪೂಡಲ್, ಚಿಹುವಾಹುವಾ, ಡ್ಯಾಷ್‌ಹಂಡ್... ಇಲ್ಲಿನ ಪುಟ್ಟ ಫ್ಲ್ಯಾಟ್‌ಗಳಿಗೆ ಪುಟ್ಟ ನಾಯಿಗಳು. ಕೆಲವಂತೂ ಮಕ್ಕಳ ಗಾಡಿಯಂಥದ್ದರಲ್ಲಿ ಕೂತೇ ಬರ್ತವೆ. ಸಾಕುನಾಯಿ, ಸಾಕುಬೆಕ್ಕು ಎರಡೂ ಸೇರಿಸಿದರೆ ಜಪಾನಿನಲ್ಲಿ 15 ವರ್ಷದೊಳಗಿನ ಮಕ್ಕಳಿಗಿಂತ ಅವುಗಳ ಸಂಖ್ಯೆಯೇ ಹೆಚ್ಚು!

ಪೆಟ್ ಅಂಗಡಿಗೆ ಕಾಲಿಟ್ಟರೆ ನಾಯಿ ಜಗಿಯೋ ಚ್ಯೂಗಳಿಗೇ ಒಂದಿಡೀ ಗೋಡೆ. ಒಣಗಿಸಿದ ಕೋಳಿಮಾಂಸ, ದನದ ಚರ್ಮ, ಜಿಂಕೆ ಕಾಲಿನ ನರ, ನೇಪಾಳದ ಯಾಕ್ ಹಾಲಿನ ಗಟ್ಟಿ ಚೀಸ್. ಎಲ್ಲಿ ನೋಡಿದರೂ ಎರಡು ಪದ: 'ಕೊಕುಸಾನ್', ಅಂದ್ರೆ ಸ್ವದೇಶಿ, 'ಮುತೆಂಕಾ', ಅಂದ್ರೆ ಏನೂ ಬೆರೆಸಿಲ್ಲ.

ನನ್ನ ಕಣ್ಣು ನಿಂತಿದ್ದು ಜಿಂಕೆ ಕೊಂಬಿನ ತುಂಡುಗಳ ಮೇಲೆ. ನಮ್ಮೂರಲ್ಲಿ ಹೀಗೆ ನೇತುಹಾಕಿದರೆ ಅರಣ್ಯ ಇಲಾಖೆಯವರು ಕೊಂಬಿನ ಜೊತೆ ಅಂಗಡಿಯವನನ್ನೂ ಎತ್ಕೊಂಡು ಹೋಗ್ತಾರೆ. ಹೊಕ್ಕೈಡೊದಲ್ಲಿ ಜಿಂಕೆಗಳು ಮಿತಿಮೀರಿ ಬೆಳೆ ಹಾಳುಮಾಡುವುದರಿಂದ ಬೇಟೆಗೆ ಅನುಮತಿ ಇದೆ. ಮಾಂಸ ಹೋಟೆಲಿಗೆ, ಉಳಿದದ್ದು ನಾಯಿಗೆ.

ಇದೆಲ್ಲ ಸುರಕ್ಷಿತವಾ? 2007ರಲ್ಲಿ ಅಮೆರಿಕದಲ್ಲಿ ಮೆಲಮೈನ್ ಬೆರೆತ ಆಹಾರ ತಿಂದು ಸಾಕುಪ್ರಾಣಿಗಳು ಸತ್ತವು. ಆ ಸುದ್ದಿಗೆ ಎಚ್ಚೆತ್ತ ಜಪಾನ್ 2009ರ ಜೂನ್‌ನಿಂದ ಪೆಟ್ ಫುಡ್ ಸುರಕ್ಷತಾ ಕಾನೂನು ಜಾರಿ ಮಾಡಿತು. ಚ್ಯೂಗಳೂ ಅದರೊಳಗೇ ಬರುತ್ತವೆ. ಸೀಸ, ಆಫ್ಲಾಟಾಕ್ಸಿನ್, ಕೆಡದಂತೆ ಹಾಕುವ ರಾಸಾಯನಿಕ ಎಲ್ಲಕ್ಕೂ ಮಿತಿ ಇದೆ. ಪ್ಯಾಕೆಟ್ ಮೇಲೆ ಪದಾರ್ಥಗಳು, ಬಳಕೆಯ ಅವಧಿ, ತಯಾರಾದ ದೇಶ, ಕಂಪನಿಯ ವಿಳಾಸ ಜಪಾನಿ ಭಾಷೆಯಲ್ಲೇ ಇರಬೇಕು. ಒಂದು ಸೂಕ್ಷ್ಮ ನೋಡಿ: ತಯಾರಾದ ದೇಶ ಅಂದ್ರೆ ಕೊನೆಯ ಹಂತದ ಸಂಸ್ಕರಣೆ ನಡೆದ ದೇಶ, ಅಷ್ಟೇ. ಮಾಂಸ ಬೇರೆಲ್ಲಿಂದಲೋ ಬಂದಿರಬಹುದು.

ಆದರೆ ಚ್ಯೂ ಎಷ್ಟು ಗಟ್ಟಿ ಇರಬಹುದು ಅನ್ನೋದಕ್ಕೆ ಈ ಕಾನೂನಲ್ಲಿ ಅಳತೆಯೇ ಇಲ್ಲ. ನನ್ನ ಪಕ್ಕದ ಮನೆ ಅಜ್ಜಿಯ ಪೂಡಲ್ ಕೊಂಬು ಕಡಿದು ಮೇಲಿನ ದವಡೆ ಹಲ್ಲು ಸೀಳಿಕೊಂಡಿತ್ತು. ಪ್ಯಾಕೆಟ್ ಮೇಲೆ ಒಂದೂ ತಪ್ಪಿರಲಿಲ್ಲ. ಸ್ವದೇಶಿ, ಶುದ್ಧ, ಎಲ್ಲ ಸರಿ. ಹನ್ನೊಂದು ವರ್ಷದ ನಾಯಿಗೆ ಅರಿವಳಿಕೆ ಕೊಟ್ಟು ಹಲ್ಲು ಕೀಳಬೇಕು ಅಂದಾಗ ಅಜ್ಜಿಗೆ ರಾತ್ರಿಯಿಡೀ ನಿದ್ದೆ ಇಲ್ಲ. ನಾಯಿ ಪಾರಾಯ್ತು. ಪಶುವೈದ್ಯರು ಹೇಳಿದ್ದು ಇಷ್ಟೇ: ಹೆಬ್ಬೆರಳ ಉಗುರಿನಿಂದ ಒತ್ತಿ, ಗುರುತು ಬೀಳದಿದ್ದರೆ ಕೊಡಬೇಡಿ.

ಈಗ ಅಜ್ಜಿ ಮೆತ್ತಗಿನ ಚ್ಯೂ ತರ್ತಾರೆ, ಪ್ರತಿಯೊಂದಕ್ಕೂ ಉಗುರು ಒತ್ತಿ ನೋಡ್ತಾರೆ. ಗಂಟಲಿಗೆ ಸಿಕ್ಕೀತು ಅಂತ ಕೊನೆಯ ಚೂರನ್ನು ಬಾಯಿಂದ ಕಿತ್ಕೊಳ್ತಾರೆ. ಪೂಡಲ್ ಗುರ್ ಅನ್ನುತ್ತೆ, ಅಜ್ಜಿ ಕೇರ್ ಮಾಡಲ್ಲ.